ಎರಡನೇ ಕ್ಲಚ್ಚು

ಅವನು ತಪ್ಪು ಸೀಟಿನಲ್ಲಿ ಕುಳಿತಿದ್ದ. ಎಲ್ಲ ಶುರುವಾದದ್ದು ಅಲ್ಲಿಂದಲೇ.

ಡ್ರೈವಿಂಗ್ ಸ್ಕೂಲಿನ ಕಾರೆಂದರೆ ನಿಮಗೆ ಗೊತ್ತಿರುತ್ತದೆ. ಕಲಿಯುವವರ ಕಾಲ ಬಳಿ ಇರುವಂತೆ ಪಕ್ಕದಲ್ಲಿ ಕೂತು ಕಲಿಸುವವರ ಕಾಲ ಬಳಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಶಿಷ್ಯ ತಡವರಿಸಿದರೆ ಗುರು ಒತ್ತಬೇಕು. ಮೊದಲ ದಿನ ಸುಮ್ಮನೆ ನೋಡಿ ಕಲಿಯುವುದಿರುತ್ತದೆ ಎಂದುಕೊಂಡ ಈ ಮಹಾನುಭಾವ ಸೀದಾ ಹೋಗಿ ಟೀಚರ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡು, ಒಳ್ಳೆ ಮದುಮಗನ ಹಾಗೆ ಕೈ ಕಟ್ಟಿಕೊಂಡಿದ್ದ.

ಅವಳೋ, ಆಗಷ್ಟೇ ಅಣ್ಣನ ಜತೆ ಜಗಳವಾಡಿ ಆಫೀಸಿನಿಂದ ಹೊರಗೆ ಬಂದಿದ್ದಳು. ಸ್ಕೂಲು ಅಣ್ಣನದು, ಕಲಿಸುವವಳು ಅವಳು. ಹಿಂದಿನ ದಿನ ಯಾರನ್ನೋ ಕಣ್ಣಲ್ಲಿ ನೀರು ಬರುವಂತೆ ಬೈದಿದ್ದಳು. ನಿನ್ನ ಬಾಯಿ ಹೀಗೇ ಇದ್ದರೆ ಹೊಸ ಟೀಚರನ್ನು ಕರೆಸುತ್ತೇನೆ ಎಂದು ಅಣ್ಣ ಹೆದರಿಸಿದ್ದ. ಹೊರಗೆ ಬಂದು ನೋಡಿದರೆ ಇಸ್ತ್ರಿ ಮಾಡಿದ ಶರ್ಟಿನ ಗಂಡಸೊಬ್ಬ ತನ್ನ ಸೀಟಿನಲ್ಲೇ ಆರಾಮಾಗಿ ಕೂತಿದ್ದಾನೆ. ಅವಳ ಪಿತ್ತ ನೆತ್ತಿಗೇರಿತು.

"ನನ್ನ ಡ್ರೈವಿಂಗ್ ನೋಡೋಕೆ ಬಂದಿದೀರಾ?"

"ಹೌದು ಮೇಡಂ," ಎಂದ ಅವನು, ಪ್ರಾಮಾಣಿಕವಾಗಿ.

"ನೋಡಿ ಹಾಗಾದ್ರೆ."

ನೋಡಿದ, ಪಾಪ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಎರಡು ತಳ್ಳುಗಾಡಿಗಳ ನಡುವೆ ಕೂದಲೆಳೆಯ ಅಂತರದಲ್ಲಿ ತೂರಿದ್ದನ್ನು ನೋಡಿದ. ರೈಲ್ವೆ ಮೇಲ್ಸೇತುವೆಯ ಕಡಿದಾದ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಮುಟ್ಟದೆ, ಬೆಣ್ಣೆಯಿಂದ ಕೂದಲು ತೆಗೆದಂತೆ ಮೇಲೆ ಹತ್ತಿಸಿದ್ದನ್ನು ನೋಡಿದ. ಉದ್ದದ ಓಣಿಯೊಂದನ್ನು ಪೂರ್ತಿ ರಿವರ್ಸಿನಲ್ಲೇ ಮುಗಿಸಿದ್ದನ್ನು ಮಾತ್ರ ನೋಡಲಿಲ್ಲ, ಆಗ ಕಣ್ಣು ಮುಚ್ಚಿಕೊಂಡಿದ್ದ. ಕಾರು ಸ್ಕೂಲಿನ ಮುಂದೆ ನಿಂತ ಮೇಲೆ ಒಂದು ಕಣ್ಣು ತೆರೆದು ಕೇಳಿದ:

"ಮೇಡಂ, ಇದೆಲ್ಲ ಮೊದಲನೇ ಕ್ಲಾಸಲ್ಲೇ ಬರುತ್ತಾ?"

ಇವನು ಹೊಸ ಟೀಚರಲ್ಲ, ಹೊಸ ಶಿಷ್ಯ ಎಂದು ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಗು ತಡೆಯಲಾಗಲಿಲ್ಲ. ಸ್ಟೀರಿಂಗಿನ ಮೇಲೆ ಹಣೆಯಿಟ್ಟು ನಕ್ಕಳು. ಅವನು ಅವಳ ನಗುವನ್ನು ನೋಡುತ್ತಾ, ಬೆಲ್ಟು ಬಿಚ್ಚುವುದನ್ನೂ ಮರೆತು ಕೂತ.

ಅವನ ಕಸುಬು ಹಲ್ಲಿನದು. ಡಾಕ್ಟರಲ್ಲ, ಡಾಕ್ಟರು ಅಚ್ಚು ತೆಗೆದು ಕಳಿಸಿದರೆ ಹಲ್ಲಿನ ಸೆಟ್ಟು ಮಾಡಿ ಕೊಡುವವನು. ಅವಳ ಅತ್ತಿಗೆ ಅದನ್ನು ಕೇಳಿದ ದಿನವೇ ಅವನಿಗೆ "ಹಲ್ಲಿನವರು" ಎಂದು ಹೆಸರಿಟ್ಟುಬಿಟ್ಟಳು. ಲ್ಯಾಬಿನವರೆಗೆ ಬರಲಾಗದ ಮುದುಕ ಮುದುಕಿಯರ ಮನೆಗೇ ಹೋಗಿ, ಸೆಟ್ಟು ಕೂರಿಸಿ, ಎಲ್ಲಿ ಒತ್ತುತ್ತದೋ ಅಲ್ಲೇ ಉಜ್ಜಿ ಸರಿಮಾಡಿ ಕೊಡಬೇಕೆಂಬುದು ಅವನ ಆಸೆ. ಅದಕ್ಕೆ ಕಾರು ಬೇಕು, ಕಾರಿಗೆ ಲೈಸೆನ್ಸು ಬೇಕು. ಆಸೆ ಹೇಳಿಕೊಳ್ಳುವಾಗ ಅವನ ಕಣ್ಣು ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಅವಳು ರಸ್ತೆ ನೋಡಬೇಕೆಂದು ತನಗೆ ತಾನೇ ನೆನಪಿಸಿಕೊಳ್ಳಬೇಕಾಯಿತು.

ದಿನಾ ಬೆಳಗ್ಗೆ ಬಂದ. ಟೀಚರಿಗೆಂದು ಕಾರಿನಲ್ಲಿ ಇನ್ನೊಂದು ಪುಟ್ಟ ಕನ್ನಡಿ ಇರುತ್ತದೆ. ಹಿಂದಿನ ಗಾಡಿ ನೋಡಲು ಅವನಿಗೆ ಅವನದೇ ಕನ್ನಡಿ ಇದ್ದರೂ ದೃಷ್ಟಿ ಮಾತ್ರ ಅವಳ ಕನ್ನಡಿಗೆ ಜಾರುತ್ತಿತ್ತು. ಅವಳು ಹಿಡಿದರೆ ತಟ್ಟನೆ ರಸ್ತೆಗೆ ಮರಳುತ್ತಿತ್ತು, ಕಿವಿ ಮಾತ್ರ ಕೆಂಪಾಗಿರುತ್ತಿತ್ತು.

ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಾಗ, ನಿಮ್ಮ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಚೂರು ಓರೆ ಇದೆ ಮೇಡಂ ಎಂದ. ಅವಳು ಹುಬ್ಬು ಗಂಟಿಕ್ಕಿದಳು.

"ಯಾರು ಹೇಳಿದ್ರೂ ಅದನ್ನ ಸರಿ ಮಾಡಿಸ್ಬೇಡಿ," ಎಂದ ಅವನು. "ನಾನು ದಿನಾ ನೇರ ಹಲ್ಲು ಮಾಡಿ ಮಾಡಿ ಬೇಜಾರಾಗಿದೀನಿ. ಅಂಥದ್ದೊಂದು ನನ್ನ ಕೈಲಿ ಮಾಡೋಕಾಗಲ್ಲ."

ಹಸಿರು ದೀಪ ಬಂತು. ಹಿಂದಿನವರು ಹಾರ್ನ್ ಒತ್ತಿದರು. ಗುರು ಶಿಷ್ಯ ಇಬ್ಬರಿಗೂ ಕೇಳಿಸಲಿಲ್ಲ.

ಹೀಗೆ ಕಲಿಕೆ ಸಾಗಿತು, ಟೆಸ್ಟು ಮಾತ್ರ ಮುಂದಕ್ಕೆ ಹೋಯಿತು. ಒಮ್ಮೆ ಲ್ಯಾಬಿನಲ್ಲಿ ಕೆಲಸ ಜಾಸ್ತಿ, ಒಮ್ಮೆ ನೆಗಡಿ, ಒಮ್ಮೆ ಕನ್ನಡಕ ಬದಲಾಯಿಸಬೇಕು. ಕೊನೆಗೊಂದು ದಿನ ಅವಳು ಉಪದೇಶಕ್ಕೇ ಕೂತಳು. ಎಷ್ಟು ದಿನ ಮೀನ ಮೇಷ ಎಣಿಸುತ್ತೀರಿ, ನಾಳೆ ಅಂದವನ ಮನೆ ಹಾಳು, ನೀವು ಬರುತ್ತೀರೆಂದು ಮೆತ್ತಗಿನದ್ದನ್ನೇ ನುಂಗಿಕೊಂಡು ಕಾಯುತ್ತಿರುವ ಅಜ್ಜಿಯರ ಗತಿಯೇನು ಎಂದೆಲ್ಲ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿ, ಮುಂದಿನ ತಿಂಗಳು ಖಂಡಿತ ಎಂದ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತಿಗೆಗೆ ನಗು. "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ," ಎಂದು ನಾದಿನಿಯ ಬೆನ್ನು ತಟ್ಟಿ ಒಳಗೆ ಹೋದಳು.

ಅತ್ತಿಗೆಯ ಮಾತಿಗೆ ಕಾರಣವಿತ್ತು. ಇವಳ ಅಮ್ಮ ದೂರದೂರಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಜೀವಮಾನವಿಡೀ ನಿಂತು, ತೂಗಾಡುತ್ತಾ ಟಿಕೆಟ್ ಹರಿದವರು. ಚಿಕ್ಕಂದಿನಲ್ಲಿ ಅಮ್ಮನ ಸೆರಗು ಹಿಡಿದು ಹೋಗುತ್ತಿದ್ದ ಮಗಳ ಕಣ್ಣು ಮಾತ್ರ ಡ್ರೈವರ್ ಸೀಟಿನ ಮೇಲಿತ್ತು. ದೊಡ್ಡ ಗಾಡಿಯ ಲೈಸೆನ್ಸು ತೆಗೆದುಕೊಂಡಾಗ ಅಮ್ಮ ಇನ್ನೂ ಇದ್ದರು. ನಾನು ನಿಂತೆ, ನೀನು ಕೂತ್ಕೊ ಎಂದಿದ್ದರು. ಲೈಸೆನ್ಸು ಇತ್ತು, ಬಸ್ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದ್ದಳು, ಡಿಪೋದವರು ಟ್ರಯಲ್ಲಿಗೆ ಕರೆದಿದ್ದರು. ಮೊದಲ ಸಲ ಜ್ವರ ಎಂದಳು. ಎರಡನೇ ಸಲ ಅತ್ತಿಗೆಯ ಹೆರಿಗೆ ಎಂದಳು. ಆ ಹೊತ್ತಿಗೆ ಮಗು ಅಂಬೆಗಾಲಿಟ್ಟು ಹೊಸಿಲು ದಾಟುತ್ತಿತ್ತು. ಈಗ ಮೂರನೇ ಸಲ ಕರೆದಿದ್ದರು, ಮುಂದಿನ ವಾರ. ಇದು ತಪ್ಪಿದರೆ ವಯಸ್ಸಿನ ಮಿತಿ ದಾಟುತ್ತಿತ್ತು. ಆಮೇಲೆ ಅವಳನ್ನು ಯಾವ ಡಿಪೋದವರೂ ಕರೆಯುವುದಿಲ್ಲ.

ಅಣ್ಣ ಎಂದೂ ಬೇಡ ಎಂದವನಲ್ಲ. ಪ್ರತಿ ಸಲವೂ ತಲೆ ಸವರಿ, ಈಗ ಕ್ಲಾಸುಗಳು ಜಾಸ್ತಿ ಇವೆ, ಮುಂದೆ ನೋಡೋಣ ಎನ್ನುತ್ತಿದ್ದ. ಆ ಮಾತು ಕೇಳಿದಾಗ ಅವಳಿಗೆ ಸಿಟ್ಟು ಬರಬೇಕಿತ್ತು. ಸುಳ್ಳೇಕೆ, ಹಾಯೆನಿಸುತ್ತಿತ್ತು.

ಡಿಪೋದ ಫೋನು ಬಂದದ್ದು ಮೇಲ್ಸೇತುವೆಯ ಏರಿನಲ್ಲಿ. ಅವನು ಕಾರನ್ನು ಏರಿನ ನಡುವೆ ನಿಲ್ಲಿಸಿ, ಮತ್ತೆ ಹೊರಡಿಸುವ ಪಾಠದಲ್ಲಿದ್ದ. ಈ ಪಾಠದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎಂದೂ ಎಂಜಿನ್ ಆಫ್ ಮಾಡಿರಲಿಲ್ಲ. ಕ್ಲಾಸಿನ ಮಧ್ಯೆ ಫೋನು ಎತ್ತಬಾರದೆಂಬ ನಿಯಮ ಅವಳದೇ. ಆದರೂ ನಂಬರು ನೋಡಿ ಎತ್ತಿದಳು. ಆ ಕಡೆಯವರು, ಬರುತ್ತೀರೋ ಇಲ್ಲವೋ ಇವತ್ತೇ ಹೇಳಿ ಎಂದರು. ಅವಳು ಸೀಟಿನಲ್ಲಿ ಬಾಗಿಲ ಕಡೆ ತಿರುಗಿ, ಕಾಲು ಹಿಂದಕ್ಕೆಳೆದುಕೊಂಡು, ಧ್ವನಿ ತಗ್ಗಿಸಿದಳು.

"ಈ ಸಲ ಆಗೋದು ಕಷ್ಟ ಸರ್, ಮುಂದಿನ..."

ಕಾರು ಗಕ್ಕೆಂದು ಜಿಗಿದು ಆಫ್ ಆಯಿತು. ಆಫ್ ಆದದ್ದೇ ಹಿಂದಕ್ಕೆ ಉರುಳತೊಡಗಿತು. ಹಿಂದಿದ್ದ ವ್ಯಾನಿನವನು ಹಾರ್ನ್ ಮೇಲೇ ಕೂತ. ಅವಳ ಫೋನು ಎಲ್ಲೋ ಬಿತ್ತು, ಕಾಲು ಬ್ರೇಕಿಗೆ ಹೋಯಿತು, ಕೈ ಹ್ಯಾಂಡ್‌ಬ್ರೇಕ್ ಎಳೆಯಿತು. ವ್ಯಾನಿಗೆ ಇನ್ನು ಒಂದೇ ಗೇಣು ಉಳಿದಿತ್ತು.

ಅವನು ಮತ್ತೆ ಸ್ಟಾರ್ಟ್ ಮಾಡಿದ. ಮತ್ತೆ ಆಫ್. ಮತ್ತೊಮ್ಮೆ. ಅವಳು ತನ್ನ ಕಾಲನ್ನು ನೋಡಿಕೊಂಡಳು, ಅದು ತಾನಾಗಿ ಎರಡನೇ ಕ್ಲಚ್ಚಿನ ಮೇಲೆ ಹೋಗಿ ಕೂತಿತು. ಕಾರು ಬೆಣ್ಣೆಯ ಹಾಗೆ ಮೇಲೇರಿತು.

ಅವನಿಗೂ ಅದು ಗೊತ್ತಾಯಿತು. ಸೇತುವೆ ಇಳಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದ.

"ದಿನಾ ಈ ಏರು ಹತ್ತಿಸ್ತಾ ಇದ್ದದ್ದು ಯಾರು ಮೇಡಂ?"

"ನಾನು," ಎಂದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮೊದಮೊದಲು ಹಿಂದಿನವರು ಬೈಯುತ್ತಾರೆಂದು ಒತ್ತಿದ್ದೆ, ಆಮೇಲೆ ಕಾಲಿಗೆ ಅಭ್ಯಾಸವಾಯಿತು ಎಂದು ಹೇಳಿದಳು. ಆದರೆ ಬೇರೆ ಯಾವ ಶಿಷ್ಯನಿಗೂ ಅವಳು ಹೀಗೆ ಒತ್ತಿದ್ದಿಲ್ಲ. ಅದನ್ನು ಹೇಳಲಿಲ್ಲ.

ಅವನು ಸ್ಟೀರಿಂಗಿನಿಂದ ಕೈ ತೆಗೆದ.

"ಟೆಸ್ಟು ಮುಂದಕ್ಕೆ ಹಾಕ್ತಿದ್ದದ್ದು ಭಯಕ್ಕಲ್ಲ. ಟೆಸ್ಟಾದ್ರೆ ಕ್ಲಾಸ್ ಮುಗಿಯುತ್ತೆ, ಮುಗಿದ್ರೆ ನೀವು ಸಿಗಲ್ಲ, ಅಷ್ಟೇ. ಮನಸ್ಸಿನೊಳಗೆ ಮಾತ್ರ ಧೈರ್ಯ ಇತ್ತು, ನಂಗೆ ಬರುತ್ತೆ, ಬೇಕಾದ ದಿನ ಪಾಸಾಗ್ತೀನಿ ಅಂತ. ಬರ್ತಾನೇ ಇರ್ಲಿಲ್ಲ ನೋಡಿ."

ಆ ಮಾತಿನ ಮೊದಲ ಅರ್ಧವನ್ನು ಹಿಡಿದುಕೊಳ್ಳಬೇಕೋ ಕೊನೆಯ ಅರ್ಧವನ್ನೋ ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅವನು ಕೆಳಗೆ ಬಿದ್ದಿದ್ದ ಫೋನು ಎತ್ತಿ ಕೊಟ್ಟು, ಮುಂದಿನ ಸಲ ಅಂತ ಹೇಳೋಕೆ ಹೊರಟಿದ್ರಾ, ಮುಂದಿನ ಸಲ ಅನ್ನೋದು ಇದೆಯಾ ಎಂದು ಕೇಳಿದ. ಟ್ರಯಲ್ಲಿನ ವಿಷಯ ಅತ್ತಿಗೆ ಅವನ ಕಿವಿಗೆ ಹಾಕಿದ್ದಳು.

"ಇಲ್ಲ," ಎಂದಳು.

"ಬಸ್ಸು ಓಡಿಸೋಕೆ ನಿಮಗೆ ಈಗಲೂ ಬರುತ್ತಾ?"

ಆ ಪ್ರಶ್ನೆ ಎಲ್ಲಿಗೆ ತಗಲಬೇಕೋ ಅಲ್ಲಿಗೇ ತಗಲಿತು. ಅವಳಿಗೆ ಎಲ್ಲಿಲ್ಲದ ಕೋಪ ಬಂತು. ಇಳಿಯಿರಿ ಎಂದಳು. ಅವನು ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿ, ಫುಟ್‌ಪಾತಿನ ಮೇಲೆ ನಡೆದು ಹೋದ. ತಿರುಗಿ ನೋಡಲಿಲ್ಲ. ಅವಳು ನೋಡುತ್ತಲೇ ಇದ್ದಳು.

ಮನೆಗೆ ಬಂದವಳು ಸುಮ್ಮನೆ ಕೂರಲಿಲ್ಲ. ಪಾತ್ರೆ ಉಜ್ಜಿದಳು, ಕಪಾಟು ಖಾಲಿ ಮಾಡಿ ಮತ್ತೆ ತುಂಬಿದಳು, ಮಳೆಯಿಲ್ಲದಿದ್ದರೂ ಕೊಡೆ ರಿಪೇರಿಗೆ ಕೂತಳು. ಇಂಥವಳನ್ನು ಯಾರಾದರೂ ಸೋಮಾರಿ ಎನ್ನಲಾದೀತೇ? ಅಲ್ಲೇ ಇರುವುದು ಮೋಸ. ಒಂದು ಕೆಲಸದಿಂದ ತಪ್ಪಿಸಿಕೊಳ್ಳಲು ಮನುಷ್ಯರು ಹತ್ತು ಕೆಲಸ ಮಾಡುತ್ತಾರೆ, ಮೈ ಬೆವರಿತೆಂದು ಬದುಕಿದೆವು ಎಂದುಕೊಳ್ಳುತ್ತಾರೆ.

ಕೊಡೆಯ ಕಡ್ಡಿ ಹಿಡಿದು ಕೂತಾಗ ಅವಳಿಗೆ ಒಂದು ವಿಷಯ ಸ್ಪಷ್ಟವಾಯಿತು. ನಾಳೆಯ ಬಸ್ಸನ್ನು ಅವಳು ವರ್ಷಗಟ್ಟಲೆ ಓಡಿಸಿದ್ದಳು, ಒಂದೇ ಒಂದು ಗೀರು ಬಿದ್ದಿರಲಿಲ್ಲ. ನಾಳೆಯ ಬಸ್ಸು ಆಫ್ ಆಗುವುದಿಲ್ಲ, ಯಾರೂ ಅದನ್ನು ನೋಡಿ ನಗುವುದಿಲ್ಲ. ಇವತ್ತಿನ ಬಸ್ಸಾದರೆ ಆಫ್ ಆಗಬಹುದು. ಬರುವುದಿಲ್ಲ ಎಂದು ಗೊತ್ತಾಗಿಬಿಡಬಹುದು. ಅವಳು ಕಾಪಾಡಿಕೊಂಡು ಬಂದದ್ದು ಆಸೆಯನ್ನಲ್ಲ, ಆ ಭ್ರಮೆಯನ್ನು. ಅಣ್ಣನ "ನೋಡೋಣ" ಅವಳ ಪಾಲಿನ ಎರಡನೇ ಕ್ಲಚ್ಚಾಗಿತ್ತು. ಬದುಕು ಆಫ್ ಆಗದ ಹಾಗೆ ಅದು ಕೆಳಗಿನಿಂದ ಒತ್ತಿ ಹಿಡಿದಿತ್ತು, ಅವಳು ತಾನೇ ಓಡಿಸುತ್ತಿದ್ದೇನೆ ಎಂದುಕೊಂಡಿದ್ದಳು.

ಇಷ್ಟಾದ ಮೇಲೂ ಹೆದರಿಕೆ ಹೋಗಲಿಲ್ಲ. ಹೆದರಿಕೆಯ ಜತೆ ಸಿಟ್ಟೂ ಬಂತು. ತನ್ನ ಮೇಲೆ, ಕೊಡೆಯ ಮೇಲೆ, ಫುಟ್‌ಪಾತಿನಲ್ಲಿ ತಿರುಗಿ ನೋಡದೆ ಹೋದ ಆ ಪುಣ್ಯಾತ್ಮನ ಮೇಲೆ. ಸಿಟ್ಟು ಆರುವ ಮೊದಲೇ ಡಿಪೋಗೆ ಫೋನು ಮಾಡಿ, ಬರುತ್ತೇನೆ ಎಂದುಬಿಟ್ಟಳು.

ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿದಳು. ಅವನು ಎಂದಿನಂತೆ, ಈ ತಿಂಗಳು ಕ್ಲಾಸುಗಳು ಎಂದು ಶುರುಮಾಡಿ, ತಂಗಿಯ ಮುಖ ನೋಡಿ ನಿಲ್ಲಿಸಿದ.

"ನಾನೇನು ಬೇಡ ಅಂದ್ನಾ? ನೋಡೋಣ ಅಂದೆ ಅಷ್ಟೇ."

"ನೀನು ಬೇಡ ಅಂದಿದ್ರೆ ಯಾವತ್ತೋ ಹೋಗಿರ್ತಿದ್ದೆ ಅಣ್ಣ. ನೋಡೋಣ ಅಂದೆಯಲ್ಲ, ಅದಕ್ಕೇ ಇಲ್ಲೇ ಉಳಿದೆ."

ಅತ್ತಿಗೆ ಗಂಡನ ತಟ್ಟೆಗೆ ಇನ್ನಷ್ಟು ಬಡಿಸಿ, ಬಾಯಿ ಮುಚ್ಚಿಕೊಂಡು ಊಟ ಮಾಡಿ ಎಂದಳು.

ಟ್ರಯಲ್ಲಿನವರೆಗೆ ಅವಳು ಗೋದಾಮಿನ ಲಾರಿಯವರನ್ನು ಕಾಡಿ ಬೇಡಿ, ಅವರ ಖಾಲಿ ಲಾರಿಗಳನ್ನು ಬಯಲಿನಲ್ಲಿ ಸುತ್ತಿಸಿದಳು. ಮೊದಲ ದಿನ ಗೇರು ಗರಗರ ಎಂದಿತು. ಲಾರಿಯವರು ಕಿವಿ ಮುಚ್ಚಿಕೊಂಡರು. ಮುಚ್ಚಿಕೊಳ್ಳಲಿ ಎಂದುಕೊಂಡಳು. ಹಲ್ಲಿನವನು ಅವಳ ಕಣ್ಣಿಗೆ ಬೀಳಲಿಲ್ಲ. ಆದರೆ ಅಣ್ಣ ದಿನಾ ಮಧ್ಯಾಹ್ನ ಸುಸ್ತಾಗಿ ಬಂದು, ನಿನ್ನ ಹಲ್ಲಿನವರು ನನ್ನ ಹತ್ತಿರವೇ ಕಲೀತೀನಿ ಅಂತ ಕೂತಿದಾರೆ, ಎಂಜಿನ್ ಆಫ್ ಮಾಡಿ ಮಾಡಿ ನನ್ನ ತಲೆ ತಿಂದುಹಾಕಿದರು ಎಂದು ಗೊಣಗುತ್ತಿದ್ದ. ಆಮೇಲೆ ತಾನಾಗಿಯೇ, ಕಾಲು ಮುಟ್ಟಿಸಬೇಡಿ ಅಂತಾರೆ, ಹಟಮಾರಿ ಎಂದು ಸೇರಿಸುತ್ತಿದ್ದ. ಅವಳು ಕೇಳದವಳಂತೆ ಕೇಳಿಸಿಕೊಂಡು, ಒಳಗೆ ಹೋಗಿ ಒಬ್ಬಳೇ ನಗುತ್ತಿದ್ದಳು. ರಾತ್ರಿ ಮಲಗುವಾಗ ಅವನ ನೆನಪಾಗಿ ಎದ್ದು ಕೂರುತ್ತಿದ್ದಳು. ಇಷ್ಟೊಂದು ಬೇಕಾದವನು ಎಂದು ಅವಳಿಗೇ ಗೊತ್ತಿರಲಿಲ್ಲ.

ಡಿಪೋದ ಅಂಗಳದಲ್ಲಿ ಟ್ರಯಲ್ಲಿಗೆ ಬಂದವರೆಲ್ಲ ಗಂಡಸರು. ಅವಳು ಬಸ್ಸು ಹತ್ತಿದಾಗ ಒಬ್ಬ, ಎಲ್ಲರೂ ದೂರ ನಿಲ್ರಪ್ಪ ಎಂದ. ನಗು ಎದ್ದಿತು. ಅವಳು ಗೇರು ಹಾಕಿ ಕ್ಲಚ್ಚು ಬಿಟ್ಟಳು. ಬಸ್ಸು ಆನೆ ಸೀನಿದ ಹಾಗೆ ಒಮ್ಮೆ ನಡುಗಿ ಆಫ್ ಆಯಿತು.

ಈಗ ನಗು ಅಂಗಳ ತುಂಬಿತು. ಹಿಂದಿನ ಸೀಟಿನಲ್ಲಿದ್ದ ಪರೀಕ್ಷಕರು ವಯಸ್ಸಾದವರು, ಒಳ್ಳೆಯವರು. ಮುಂದೆ ಬಾಗಿ ಮೆಲ್ಲಗೆ ಹೇಳಿದರು:

"ಗಾಬರಿಯಾಗಿದೀಯಮ್ಮ. ಮೈ ಸರಿಯಿಲ್ಲ ಅಂತ ಹೇಳಿಬಿಡು. ವಯಸ್ಸಿನದ್ದು ನಾನು ಮೇಲಿನವರ ಹತ್ರ ಮಾತಾಡ್ತೀನಿ. ಇನ್ನೊಂದು ದಿನ ಬಾ."

ಎಂಥ ಸಿಹಿ ಮಾತು ನೋಡಿ. ಇಷ್ಟು ವರ್ಷ ಅವಳು ಕಾದಿದ್ದ ಮಾತೇ ಅದು. ಇನ್ನೊಂದು ದಿನ. ಇಳಿದು ಹೋದರೆ ಸೋಲಲ್ಲ, ಮರ್ಯಾದೆಯೂ ಉಳಿಯುತ್ತದೆ, ಬಸ್ಸೂ ನಾಳೆಯಲ್ಲಿ ಹೊಚ್ಚ ಹೊಸದಾಗಿ ನಿಂತಿರುತ್ತದೆ. ಅವಳ ಒಂದು ಕೈ ಬಾಗಿಲ ಹಿಡಿಯವರೆಗೆ ಹೋದದ್ದು ನಿಜ.

"ಬೇಡ ಸರ್," ಎಂದಳು, ಕೈ ವಾಪಸು ತಂದು. "ಬರಲ್ಲ ಅಂತಾದ್ರೆ ಇವತ್ತೇ ಗೊತ್ತಾಗ್ಲಿ. ಇನ್ನೊಂದು ದಿನ ಸಾಕಾಗಿದೆ ನಂಗೆ."

ಮತ್ತೆ ಸ್ಟಾರ್ಟ್ ಮಾಡಿದಳು. ಕೆಳಗೆ ಒತ್ತಲು ಬೇರೆ ಯಾರ ಕಾಲೂ ಇರಲಿಲ್ಲ. ಬಸ್ಸು ಮುಂದೆ ಸರಿಯಿತು. ಎಂಟಿನಾಕಾರದ ಹಾದಿಯನ್ನು ಸುತ್ತಿತು. ರಿವರ್ಸಿನಲ್ಲಿ ಹಿಂದಿನ ಮೂಲೆ ಗುರುತಿಗೆ ನಿಲ್ಲಿಸಿದ್ದ ಒಂದು ಡ್ರಮ್ಮಿಗೆ ತಾಗಿ ಢಣ್ ಎಂದಿತು. ಅಂಕ ಹೋಯಿತೆಂದು ಗೊತ್ತಾಯಿತು, ಪ್ರಪಂಚ ಮುಳುಗಲಿಲ್ಲವೆಂದೂ ಗೊತ್ತಾಯಿತು. ಅಂಗಳದಿಂದ ಹೊರಗೆ, ದೊಡ್ಡ ರಸ್ತೆಗೆ ಬಸ್ಸು ಹೊರಳಿದಾಗ ಅಷ್ಟೆತ್ತರದಿಂದ ಊರು ಬೇರೆಯೇ ಆಗಿ ಕಂಡಿತು. ಅಮ್ಮಾ, ಕೂತ್ಕೊಂಡೆ ನೋಡು ಎಂದು ಜೋರಾಗಿಯೇ ಹೇಳಿದಳು. ಪರೀಕ್ಷಕರು ಏನು ಎಂದು ಕೇಳಿದರು. ಅವಳು ಗೇರು ಏರಿಸಿದಳು.

ಪಾಸು ಎಂದರು. ಡ್ರಮ್ಮಿನ ಲೆಕ್ಕ ಬೇರೆ, ರಸ್ತೆ ಮೇಲೆ ನಿನ್ನ ಕೈ ಚೆನ್ನಾಗಿದೆ ಎಂದರು.

ಗೇಟಿನ ಹೊರಗೆ ಸ್ಕೂಲಿನ ಕಾರು ನಿಂತಿತ್ತು. ಟೀಚರ ಸೀಟಿನಿಂದ ಬೆವರು ಒರೆಸಿಕೊಳ್ಳುತ್ತಾ ಅಣ್ಣ ಇಳಿದ. ಡ್ರೈವರ್ ಸೀಟಿನಿಂದ ಅವನು ಇಳಿದ. ಸೇತುವೆ ಮೇಲೆ ಆಫ್ ಮಾಡಿದರು, ವ್ಯಾನಿನವರ ಕೈಲಿ ಬೈಸಿಕೊಂಡರು, ಆದರೆ ನಾನು ಕಾಲು ಮುಟ್ಟಿಸಲಿಲ್ಲ, ಹತ್ತಿಸಿಯೇಬಿಟ್ಟರು ಎಂದು ಅಣ್ಣ ವರದಿ ಒಪ್ಪಿಸಿದ. ತಂಗಿಯ ಮುಖ ನೋಡಿ ಫಲಿತಾಂಶ ತಿಳಿದುಕೊಂಡ. ಕಣ್ಣು ತುಂಬಿಕೊಂಡು ಅವಳ ತಲೆ ಸವರಿದ. ಹಾಗಾದರೆ ನಾಳೆ ಬೆಳಗಿನ ಕ್ಲಾಸು ಯಾರು ತಗೊಳ್ಳೋದು ಎಂದು ಕೇಳಿದ. ನೀನೇ ತಗೋ ಎಂದಳು.

ಆಮೇಲೆ ಹಲ್ಲಿನವನ ಮುಂದೆ ಹೋಗಿ ನಿಂತಳು. ಬಿಸಿಲಿಗೆ ಅವನ ಮುಖ ಕೆಂಪಾಗಿತ್ತು. ಅವತ್ತು ಹಾಗೆ ಕೇಳಬಾರದಿತ್ತು, ಕ್ಷಮಿಸಿ ಎಂದು ಅವನು ಶುರುಮಾಡಿದ.

"ಕೇಳಿದ್ದು ಸರಿ ಇತ್ತು," ಎಂದಳು. "ಈಗ ನಾನು ಹೇಳೋದು ಕೇಳಿ. ನಿಮ್ಮ ಕ್ಲಚ್ಚು ನಾನು ಒತ್ತುತ್ತಿದ್ದದ್ದು ಅಭ್ಯಾಸಬಲದಿಂದ ಅಲ್ಲ. ನೀವು ಕಲಿತು ಹೋಗಿಬಿಡ್ತೀರಿ ಅಂತ. ನಂಗೆ ನಿಮ್ಮ ಮೇಲೆ ಪ್ರೀತಿ. ಉತ್ತರ ಈಗಲೇ ಬೇಕು. ಯೋಚ್ನೆ ಮಾಡಿ ಹೇಳ್ತೀನಿ ಅನ್ನೋದಾದ್ರೆ ಬೇಡವೇ ಬೇಡ."

ಟ್ರಯಲ್ಲಿಗೆ ಬಂದಿದ್ದ ಗಂಡಸರೆಲ್ಲ ಗೇಟಿನ ಬಳಿ ಬೀಡಿ ಹಚ್ಚುವುದನ್ನು ನಿಲ್ಲಿಸಿ ನೋಡಿದರು. ಅಣ್ಣ ಆಕಾಶ ನೋಡಿದ.

"ನಾನು ಯಾವತ್ತೋ ಹೇಳ್ಬೇಕಿತ್ತು," ಎಂದ ಅವನು.

"ಬೇಕಿತ್ತು. ಹೇಳ್ಲಿಲ್ಲ. ಈಗ ಹೇಳಿ."

ಹೇಳಿದ. ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ. ನನಗೂ ಪ್ರೀತಿ, ಬಸ್ಸು ಓಡಿಸುವ ನಿಮ್ಮ ಮೇಲೆ, ಬೈಯುವ ನಿಮ್ಮ ಮೇಲೆ, ಎಲ್ಲದರ ಮೇಲೂ ಎಂದ. ಗಂಡಸರಲ್ಲಿ ಒಬ್ಬ ಶಿಳ್ಳೆ ಹೊಡೆದ. ಅವಳು ಅವನ ಎರಡೂ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ತರಬೇತಿ ಮುಗಿದು ಅವಳಿಗೆ ಮೊದಲ ಬಸ್ಸು ಕೊಟ್ಟದ್ದು ಒಂದು ಬೆಳಗ್ಗೆ, ದೂರದ ದಾರಿಯದು. ಖಾಕಿ ತೊಟ್ಟು ಅವಳು ಹತ್ತಿದಾಗ ಬಸ್ಸು ತುಂಬಿತ್ತು. ಡ್ರೈವರ್ ಹೆಂಗಸು ಎಂದು ಕಂಡು ಒಬ್ಬರು ಎದ್ದು ಇಳಿದು ಹೋದರು. ಹೋಗಲಿ. ಮುಂದಿನ ಸೀಟಿನಲ್ಲಿ ಅವನು ಕೂತಿದ್ದ, ಮಡಿಲಲ್ಲಿ ಡಬ್ಬಿ. ಕೊನೆಯ ಊರಿನಲ್ಲಿ ಒಬ್ಬ ಅಜ್ಜಿಗೆ ಹಲ್ಲು ಕೂರಿಸಬೇಕಿತ್ತು. ಲೈಸೆನ್ಸು ಕೈಗೆ ಬರುವವರೆಗೆ ಕಾಯುವುದಿಲ್ಲವೆಂದು ಬಸ್ಸಿನಲ್ಲೇ ಹೊರಟಿದ್ದ.

ಅವಳು ಸೀಟಿನವರೆಗೆ ಹೋದಳು. ಹೋದವಳು ನಿಂತಳು. ಊರು ತಲುಪಿದ ಮೇಲೆ ಎಂದು ಮನಸ್ಸು ಹೇಳಿತು. ಜನ ಇಳಿದ ಮೇಲೆ, ಯಾರೂ ಇಲ್ಲದ ಹೊತ್ತಿನಲ್ಲಿ, ಮದುವೆಯಾದ ಮೇಲೆ. ಆ ಹಳೆಯ ದನಿಯ ಗುರುತು ಅವಳಿಗೆ ಚೆನ್ನಾಗಿ ಸಿಕ್ಕಿತು. ಹಿಂದಕ್ಕೆ ತಿರುಗಿ, ತುಂಬಿದ ಬಸ್ಸಿನ ಕಣ್ಣೆದುರಿಗೇ ಬಾಗಿ, ಅವನ ಹಣೆಗೆ ಮುತ್ತಿಟ್ಟಳು.

ಯಾರೋ ಹಿರಿಯರು ಕೆಮ್ಮಿದರು. ಕಂಡಕ್ಟರ್ ಬಾಯಿ ತೆರೆದು ನಿಂತವನು ರೈಟ್ ಹೇಳುವುದನ್ನೇ ಮರೆತ.

ಅವಳು ಸೀಟಿನಲ್ಲಿ ಕೂತು, ತಾನೇ ರೈಟ್ ಎಂದು ಹೇಳಿ, ಬಸ್ಸು ಬಿಟ್ಟಳು.